ಹಳೆಯ ಪಾಸ್‌ವರ್ಡ್ ಕೇಳದ ದಾರಿ ಬೇಡ: ಎನ್‌ಕ್ರಿಪ್ಟ್ ಆದ ಹೋಮ್ ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಲಾಗಿನ್ ಪಾಸ್‌ವರ್ಡ್ ಬದಲಿಸುವ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರಲ್ಲೊಬ್ಬರು, ನಿವೃತ್ತ ಅಧ್ಯಾಪಕರು, ತಮ್ಮ ಲ್ಯಾಪ್‌ಟಾಪನ್ನು ತಂದು ನನ್ನ ಮುಂದಿಟ್ಟರು. ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿದ್ದ ಯಂತ್ರ. ಕೀಬೋರ್ಡ್ ಕೆಟ್ಟಿತ್ತೆಂದು ಅಂಗಡಿಗೆ ಕೊಟ್ಟಿದ್ದರು. ಪಾಸ್‌ವರ್ಡ್ ಹೇಳಲು ಮನಸ್ಸಾಗದೆ ಸುಮ್ಮನೆ ಕೊಟ್ಟು ಬಂದಿದ್ದರು. ಅಂಗಡಿಯ ಹುಡುಗ ಹೊಸ ಕೀಬೋರ್ಡನ್ನು ಪರೀಕ್ಷಿಸಲೆಂದು, ರಿಪೇರಿಗೆಂದಿರುವ ರಿಕವರಿ ಮೋಡ್‌ಗೆ ಹೋಗಿ ಪಾಸ್‌ವರ್ಡನ್ನು ತನಗೆ ತೋಚಿದಂತೆ ಬದಲಿಸಿ, ಅದನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಮೇಲೆ ಅಂಟಿಸಿದ್ದ. ಆ ಪಾಸ್‌ವರ್ಡ್ ಹಾಕಿದರೆ ಯಂತ್ರ ಅದನ್ನು ತಪ್ಪೆನ್ನುತ್ತಿರಲಿಲ್ಲ. ಪರದೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಅದೇ ಲಾಗಿನ್ ಪರದೆ ಬಂದು ನಿಲ್ಲುತ್ತಿತ್ತು. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಬರಿಯ ಅಕ್ಷರಗಳ ಪರದೆಗೆ ಹೋಗಿ ಒಳಹೊಕ್ಕು ನೋಡಿದಾಗ, ಅವರ ಮೂವತ್ತು ವರ್ಷಗಳ ಟಿಪ್ಪಣಿ, ಮಗಳ ಮದುವೆಯ ಫೋಟೊ ಎಲ್ಲವೂ ಇರಬೇಕಾದ ಜಾಗದಲ್ಲಿ ಎರಡೇ ಹೆಸರುಗಳಿದ್ದವು: ಒಂದು ರೀಡ್‌ಮಿ ಕಡತ, ಇನ್ನೊಂದು ‘ಆಕ್ಸೆಸ್ ಯುವರ್ ಪ್ರೈವೇಟ್ ಡೇಟಾ’ ಎಂಬ ಶಾರ್ಟ್‌ಕಟ್. ‘‘ಎಲ್ಲಾ ಅಳಿಸಿಬಿಟ್ಟನೇನಪ್ಪ?’’ ಎಂದು ಅವರು ಕೇಳಿದ ದನಿ ಇನ್ನೂ ನೆನಪಿದೆ.

ಏನೂ ಅಳಿದಿರಲಿಲ್ಲ. ಅವರಿಗೆ ಹಳೆಯ ಪಾಸ್‌ವರ್ಡ್ ನೆನಪಿದ್ದುದರಿಂದ ಹತ್ತು ನಿಮಿಷದಲ್ಲಿ ಎಲ್ಲವೂ ಮರಳಿತು. ನೆನಪಿಲ್ಲದಿದ್ದರೆ ನಾನೂ ಅವರ ಜೊತೆ ಕೂತು ಆ ಎರಡು ಹೆಸರುಗಳನ್ನು ನೋಡುತ್ತಿರಬೇಕಾಗಿತ್ತು. ಪಾಸ್‌ವರ್ಡನ್ನು ಬದಲಿಸುವುದು ಒಂದು ಕೆಲಸ, ಪಾಸ್‌ವರ್ಡನ್ನು ರೀಸೆಟ್ ಮಾಡುವುದು, ಅಂದರೆ ಹಳೆಯದನ್ನು ಹೇಳದೆಯೇ ಹೊಸದನ್ನು ಇಡುವುದು, ಬೇರೆಯೇ ಒಂದು ಕೆಲಸ. ಸಾಮಾನ್ಯ ಕಂಪ್ಯೂಟರಿನಲ್ಲಿ ಎರಡರ ಫಲವೂ ಒಂದೇ ಆಗಿರುವುದರಿಂದ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಹೋಮ್ ಫೋಲ್ಡರ್ (ನಿಮ್ಮ ಸ್ವಂತ ಕಡತಗಳಿರುವ ಫೋಲ್ಡರ್) ಎನ್‌ಕ್ರಿಪ್ಟ್ ಆಗಿರುವ, ಅಂದರೆ ಬೀಗದ ಕೈಯಿಲ್ಲದೆ ಓದಲಾಗದಂತೆ ಮಾಡಿರುವ, ಕಂಪ್ಯೂಟರಿನಲ್ಲಿ ಮಾತ್ರ ಮೊದಲನೆಯದು ಕ್ಷೇಮ, ಎರಡನೆಯದು ಅಪಾಯ. ಎರಡನ್ನೂ ಗುರುತಿಸಲು ಒಂದೇ ಲಕ್ಷಣ ಸಾಕು: ನೀವು ಹಿಡಿದ ದಾರಿ ಹಳೆಯ ಪಾಸ್‌ವರ್ಡನ್ನು ಕೇಳುತ್ತದೆಯೇ, ಇಲ್ಲವೇ?

ಒಳಗೆ ನಡೆಯುವುದೇನು

ಉಬುಂಟುವಿನಲ್ಲಿ ಈ ಸೌಲಭ್ಯ ಬಂದದ್ದು ಇಕ್ರಿಪ್ಟ್‌ಎಫ್‌ಎಸ್ ಎಂಬ ವ್ಯವಸ್ಥೆಯ ಮೂಲಕ. 2008ರ 8.10ನೆಯ ಆವೃತ್ತಿಯಲ್ಲಿ ‘ಪ್ರೈವೇಟ್’ ಎಂಬ ಒಂದು ಫೋಲ್ಡರನ್ನಷ್ಟೇ ಎನ್‌ಕ್ರಿಪ್ಟ್ ಮಾಡಬಹುದಾಗಿತ್ತು. 2009ರಿಂದ ಇಡೀ ಹೋಮ್ ಫೋಲ್ಡರನ್ನು ಹಾಗೆ ಮಾಡುವ ಅವಕಾಶ ದೊರೆಯಿತು. 2018ರ 18.04ನೆಯ ಆವೃತ್ತಿಯ ಇನ್‌ಸ್ಟಾಲರಿನಿಂದ ಈ ಆಯ್ಕೆಯನ್ನು ತೆಗೆದುಹಾಕಿ, ಅದರ ಬದಲಿಗೆ ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡುವ ಕ್ರಮಕ್ಕೆ ಒತ್ತು ಕೊಡಲಾಯಿತು. ಆದರೆ ಹೊಸದಾಗಿ ಇನ್‌ಸ್ಟಾಲ್ ಮಾಡದೆ ಆವೃತ್ತಿಯಿಂದ ಆವೃತ್ತಿಗೆ ಅಪ್‌ಗ್ರೇಡ್ ಆಗುತ್ತ ಬಂದ ಯಂತ್ರಗಳಲ್ಲಿ ಅದು ಹಾಗೆಯೇ ಉಳಿದಿದೆ. ಉಬುಂಟುವನ್ನು ಆಧರಿಸಿದ ಲಿನಕ್ಸ್ ಮಿಂಟ್ 2018ರ ನಂತರವೂ ಈ ಆಯ್ಕೆಯನ್ನು ತನ್ನ ಇನ್‌ಸ್ಟಾಲರಿನಲ್ಲಿ ಉಳಿಸಿಕೊಂಡಿತು.

ನಿಮ್ಮ ಕಡತಗಳಿಗೆ ಬೀಗ ಹಾಕುವುದು ನಿಮ್ಮ ಲಾಗಿನ್ ಪಾಸ್‌ವರ್ಡ್ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಇನ್‌ಸ್ಟಾಲ್ ಮಾಡುವಾಗ ಯಂತ್ರವೇ 32 ಅಕ್ಷರಗಳ, ಯಾರೂ ಊಹಿಸಲಾಗದ ಒಂದು ಸರಣಿಯನ್ನು ಹುಟ್ಟಿಸುತ್ತದೆ. ಅದಕ್ಕೆ ಮೌಂಟ್ ಪಾಸ್‌ಫ್ರೇಸ್ ಎಂದು ಹೆಸರು. ಕಡತಗಳ ನಿಜವಾದ ಬೀಗದ ಕೈ ಅದೇ. ನಾವು ಬೀರುವಿನ ಬೀಗದ ಕೈಯನ್ನು ಒಂದು ಚಿಕ್ಕ ಡಬ್ಬಿಯಲ್ಲಿಟ್ಟು ಆ ಡಬ್ಬಿಗೆ ಇನ್ನೊಂದು ಬೀಗ ಹಾಕಿದಂತೆ, ಯಂತ್ರವು ಈ ಪಾಸ್‌ಫ್ರೇಸನ್ನು ನಿಮ್ಮ ಲಾಗಿನ್ ಪಾಸ್‌ವರ್ಡ್‌ನಿಂದ ಮುಚ್ಚಿ, ‘ರ್‍ಯಾಪ್ಡ್-ಪಾಸ್‌ಫ್ರೇಸ್’ ಎಂಬ ಪುಟ್ಟ ಕಡತದಲ್ಲಿ ಇಟ್ಟುಕೊಳ್ಳುತ್ತದೆ. ನೀವು ಲಾಗಿನ್ ಆಗುವಾಗ ಪ್ಯಾಮ್ ಎಂಬ ದೃಢೀಕರಣ ವ್ಯವಸ್ಥೆಯ ಒಂದು ಭಾಗವು ನೀವು ಟೈಪ್ ಮಾಡಿದ ಪಾಸ್‌ವರ್ಡ್‌ನಿಂದ ಆ ಡಬ್ಬಿಯನ್ನು ತೆರೆದು, ಒಳಗಿನ ಬೀಗದ ಕೈಯನ್ನು ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಒಪ್ಪಿಸಿ, ಹೋಮ್ ಫೋಲ್ಡರನ್ನು ಮೌಂಟ್ ಮಾಡುತ್ತದೆ, ಅಂದರೆ ಬಳಕೆಗೆ ತೆರೆದಿಡುತ್ತದೆ. ಇದೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದರಿಂದ ಅಲ್ಲಿ ಎರಡು ಬೀಗಗಳಿವೆಯೆಂಬುದೇ ನಮಗೆ ತಿಳಿಯುವುದಿಲ್ಲ.

ಈಗ ಪಾಸ್‌ವರ್ಡ್ ಬದಲಾದಾಗ ಆಗಬೇಕಾದ ಕೆಲಸಗಳೂ ಎರಡು. ಒಂದು, ‘ಈ ಬಳಕೆದಾರರ ಪಾಸ್‌ವರ್ಡ್ ಇನ್ನು ಮುಂದೆ ಇದು’ ಎಂದು ವ್ಯವಸ್ಥೆಯ ದಾಖಲೆಯಲ್ಲಿ ತಿದ್ದುವುದು. ಎರಡು, ಡಬ್ಬಿಯನ್ನು ಹಳೆಯ ಪಾಸ್‌ವರ್ಡ್‌ನಿಂದ ತೆರೆದು ಹೊಸದರಿಂದ ಮತ್ತೆ ಮುಚ್ಚುವುದು. ಮೊದಲ ಕೆಲಸವನ್ನು ಅಡ್ಮಿನ್ ಅಧಿಕಾರ ಇರುವ ಯಾರು ಬೇಕಾದರೂ ಮಾಡಬಹುದು. ಎರಡನೆಯದಕ್ಕೆ ಅಧಿಕಾರ ಸಾಲದು, ಹಳೆಯ ಪಾಸ್‌ವರ್ಡೇ ಬೇಕು. ಅಂಗಡಿಯ ಹುಡುಗ ಮೊದಲ ಕೆಲಸವನ್ನಷ್ಟೇ ಮಾಡಿದ್ದ. ಎರಡನೆಯದನ್ನು ಮಾಡಲು ಅವನಿಗೆ ದಾರಿಯೇ ಇರಲಿಲ್ಲ. ಹಾಗಾಗಿ ಬಾಗಿಲು ಹೊಸ ಪಾಸ್‌ವರ್ಡ್‌ಗೆ ತೆರೆಯುತ್ತಿತ್ತು, ಡಬ್ಬಿ ಹಳೆಯದಕ್ಕೇ ಕಾಯುತ್ತಿತ್ತು.

ನಿಮ್ಮ ಯಂತ್ರ ಯಾವ ಬಗೆಯದು?

ಕಂಪ್ಯೂಟರ್ ಆನ್ ಮಾಡಿದ ಕೂಡಲೇ, ನಿಮ್ಮ ಹೆಸರು ಕಾಣಿಸುವ ಲಾಗಿನ್ ಪರದೆಗೂ ಮೊದಲೇ, ಒಂದು ಪಾಸ್‌ವರ್ಡ್ ಕೇಳುತ್ತಿದ್ದರೆ ನಿಮ್ಮ ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ. ಲಿನಕ್ಸ್‌ನಲ್ಲಿ ಇದನ್ನು ಸಾಮಾನ್ಯವಾಗಿ ಲಕ್ಸ್ ಎಂಬ ವ್ಯವಸ್ಥೆ ನೋಡಿಕೊಳ್ಳುತ್ತದೆ. ಆ ಪಾಸ್‌ವರ್ಡಿಗೂ ಲಾಗಿನ್ ಪಾಸ್‌ವರ್ಡಿಗೂ ಸಂಬಂಧವಿಲ್ಲ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದೂ ಇಲ್ಲ, ಕೆಡುವುದೂ ಇಲ್ಲ. ಹೋಮ್ ಫೋಲ್ಡರ್ ಮಾತ್ರ ಎನ್‌ಕ್ರಿಪ್ಟ್ ಆಗಿದೆಯೇ ಎಂದು ತಿಳಿಯಲು ಫೈಲ್ ಮ್ಯಾನೇಜರಿನಲ್ಲಿ ನಿಮ್ಮ ಹೋಮ್ ಫೋಲ್ಡರಿನಿಂದ ಒಂದು ಮೆಟ್ಟಿಲು ಮೇಲೆ ಹೋಗಿ, ಅಂದರೆ ಎಲ್ಲ ಬಳಕೆದಾರರ ಫೋಲ್ಡರುಗಳಿರುವ ‘ಹೋಮ್’ಗೆ ಹೋಗಿ, ಕಂಟ್ರೋಲ್ ಮತ್ತು ಎಚ್ ಒತ್ತಿರಿ. ಅಡಗಿರುವ ಫೋಲ್ಡರುಗಳು ಕಾಣಿಸುತ್ತವೆ. ಅವುಗಳಲ್ಲಿ ಚುಕ್ಕೆಯಿಂದ ಆರಂಭವಾಗುವ ‘ಇಕ್ರಿಪ್ಟ್‌ಎಫ್‌ಎಸ್’ ಎಂಬುದಿದ್ದು, ಅದರೊಳಗೆ ನಿಮ್ಮ ಬಳಕೆದಾರ ಹೆಸರಿನ ಫೋಲ್ಡರ್ ಇದ್ದರೆ ಈ ಲೇಖನ ನಿಮಗಾಗಿ. ಎರಡೂ ಬಗೆಯ ಎನ್‌ಕ್ರಿಪ್ಷನ್ ಒಟ್ಟಿಗೆ ಇರುವ ಯಂತ್ರಗಳೂ ಇವೆ. ಅಲ್ಲಿ ಎರಡು ಪಾಸ್‌ವರ್ಡುಗಳನ್ನೂ ಬೇರೆಬೇರೆಯಾಗಿಯೇ ನೋಡಿಕೊಳ್ಳಬೇಕು.

ಬದಲಿಸುವ ಮೊದಲು ಮಾಡಬೇಕಾದ್ದು

ಮೊದಲ ಹೆಜ್ಜೆ, ಆ 32 ಅಕ್ಷರಗಳ ಮೌಂಟ್ ಪಾಸ್‌ಫ್ರೇಸನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು. ಹೊಸದಾಗಿ ಇನ್‌ಸ್ಟಾಲ್ ಆದ ಉಬುಂಟು ಮೊದಲ ಸಲ ಲಾಗಿನ್ ಆದಾಗ ಇದನ್ನು ಬರೆದಿಟ್ಟುಕೊಳ್ಳಿರೆಂದು ಕಿಟಕಿಯೊಂದನ್ನು ತೆರೆದು ಕೇಳುತ್ತಿತ್ತು. ಹೊಸ ಯಂತ್ರದ ಉತ್ಸಾಹದಲ್ಲಿ ಅದನ್ನು ಓದದೆ ಮುಚ್ಚಿದವರೇ ಹೆಚ್ಚು, ನಾನೂ ಅವರಲ್ಲೊಬ್ಬ. ಪರವಾಗಿಲ್ಲ, ಲಾಗಿನ್ ಆಗಲು ಸಾಧ್ಯವಿರುವ ತನಕ ಅದನ್ನು ಯಾವಾಗ ಬೇಕಾದರೂ ಪಡೆಯಬಹುದು.

ಆಜ್ಞೆಗಳನ್ನು ನಾನಿಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಕಾಗುಣಿತದ ಚಿಂತೆ ಬೇಡ. ಇ, ಸಿ, ಆರ್, ವೈ, ಪಿ, ಟಿ, ಎಫ್, ಎಸ್ ಎಂಬ ಎಂಟು ಅಕ್ಷರಗಳನ್ನು ಬಿಡುವಿಲ್ಲದೆ ಟೈಪ್ ಮಾಡಿ ಟ್ಯಾಬ್ ಕೀಲಿಯನ್ನು ಎರಡು ಸಲ ಒತ್ತಿದರೆ, ಆ ಹೆಸರಿನಿಂದ ಆರಂಭವಾಗುವ ಎಲ್ಲ ಆಜ್ಞೆಗಳ ಪಟ್ಟಿ ಎದುರಿಗೆ ಬರುತ್ತದೆ. ಅದರಲ್ಲಿ ‘ಇಕ್ರಿಪ್ಟ್‌ಎಫ್‌ಎಸ್-ಅನ್‌ರ್‍ಯಾಪ್-ಪಾಸ್‌ಫ್ರೇಸ್’ ಎಂಬುದನ್ನು ನೋಡಿಕೊಂಡು ಪೂರ್ತಿ ಮಾಡಿ, ಎಂಟರ್ ಒತ್ತಿರಿ. ಪಾಸ್‌ಫ್ರೇಸ್ ಕೇಳುತ್ತದೆ, ಆಗ ಕೊಡಬೇಕಾದ್ದು ನಿಮ್ಮ ಈಗಿನ ಲಾಗಿನ್ ಪಾಸ್‌ವರ್ಡ್. ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕೆಯಾಗಲಿ ನಕ್ಷತ್ರವಾಗಲಿ ಮೂಡುವುದಿಲ್ಲ, ಅದು ಅಲ್ಲಿಯ ರೂಢಿ. ಸರಿಯಾಗಿದ್ದರೆ ಮುಂದಿನ ಸಾಲಿನಲ್ಲಿ 32 ಅಕ್ಷರಗಳ ಸರಣಿ ಕಾಣಿಸುತ್ತದೆ.

ಅದನ್ನು ಬರೆದುಕೊಳ್ಳುವಾಗ ನೆನಪಿಡಬೇಕಾದ ಒಂದು ಸಂಗತಿಯಿದೆ. ಆ ಸರಣಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳೂ, ಎ ಇಂದ ಎಫ್ ವರೆಗಿನ ಆರು ಅಕ್ಷರಗಳೂ ಮಾತ್ರ ಇರುತ್ತವೆ. ಆದ್ದರಿಂದ ದುಂಡಗೆ ಕಂಡದ್ದು ಸೊನ್ನೆಯೇ ಹೊರತು ಓ ಅಲ್ಲ; ನೆಟ್ಟಗೆ ನಿಂತದ್ದು ಒಂದು ಎಂಬ ಅಂಕಿಯೇ ಹೊರತು ಎಲ್ ಅಲ್ಲ. ಕೈಬರಹದಲ್ಲಿ ಬಿ ಮತ್ತು ಆರರ ಅಂಕಿ ಒಂದೇ ಥರ ಕಾಣದಂತೆ ಎಚ್ಚರವಿರಲಿ. ನಾಲ್ಕು ನಾಲ್ಕು ಅಕ್ಷರಗಳ ಗುಂಪು ಮಾಡಿ ಬರೆದರೆ ಎಂಟು ಗುಂಪುಗಳಾಗುತ್ತವೆ, ತಾಳೆ ನೋಡಲು ಸುಲಭ. ಆ ಕಾಗದವನ್ನು ಲ್ಯಾಪ್‌ಟಾಪ್ ಚೀಲದಲ್ಲಿ ಇಡಬೇಡಿ. ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಡಿ. ಮೊಬೈಲಿನಲ್ಲಿ ಫೋಟೊ ತೆಗೆದರೆ ಅದು ನಿಮಗರಿವಿಲ್ಲದೆ ಕ್ಲೌಡಿಗೂ ಹೋಗಿರಬಹುದು. ಇನ್ನು, ಅದೇ ಯಂತ್ರದ ಹೋಮ್ ಫೋಲ್ಡರಿನಲ್ಲಿ ಒಂದು ಕಡತವಾಗಿ ಉಳಿಸುವುದೆಂದರೆ ಬೀರುವಿನ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಬೀಗ ಒತ್ತಿದಂತೆ.

ಎರಡನೆಯ ಹೆಜ್ಜೆ ಬ್ಯಾಕಪ್. ಲಾಗಿನ್ ಆಗಿರುವಾಗಲೇ, ಕಡತಗಳೆಲ್ಲ ತೆರೆದು ಕಾಣಿಸುತ್ತಿರುವಾಗಲೇ, ಮುಖ್ಯವಾದವುಗಳನ್ನು ಬೇರೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆ ನಕಲುಗಳು ಎನ್‌ಕ್ರಿಪ್ಟ್ ಆಗಿರುವುದಿಲ್ಲವಾದ್ದರಿಂದ ಆ ಡಿಸ್ಕನ್ನು ಜೋಪಾನ ಮಾಡುವುದು ನಿಮ್ಮ ಹೊಣೆ.

ಮೂರನೆಯದು ಚಿಕ್ಕದು, ಆದರೆ ಕನ್ನಡದಲ್ಲಿ ಬರೆಯುವವರಿಗೆ ಬಹಳ ಮುಖ್ಯ. ಕೀಬೋರ್ಡ್ ವಿನ್ಯಾಸ ಯಾವುದಿದೆಯೆಂದು ಪರದೆಯ ಮೂಲೆಯಲ್ಲಿ ನೋಡಿಕೊಳ್ಳಿ. ಇನ್‌ಸ್ಕ್ರಿಪ್ಟ್ ಅಥವಾ ಕಗಪ ವಿನ್ಯಾಸದಲ್ಲಿರುವಾಗ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ, ಕಣ್ಣಿಗೆ ಕಾಣದ ಕನ್ನಡ ಅಕ್ಷರಗಳೇ ಪಾಸ್‌ವರ್ಡ್ ಆಗಿಬಿಡಬಹುದು. ಎರಡನೆಯ ಸಲವೂ ಅದೇ ವಿನ್ಯಾಸದಲ್ಲಿ ಟೈಪ್ ಮಾಡುವುದರಿಂದ ಯಂತ್ರಕ್ಕೆ ಅನುಮಾನವೂ ಬಾರದು. ಮರುದಿನ ಲಾಗಿನ್ ಪರದೆಯಲ್ಲಿ ಇಂಗ್ಲಿಷ್ ವಿನ್ಯಾಸವಿದ್ದರೆ ಎಷ್ಟು ಸಲ ಒತ್ತಿದರೂ ಬಾಗಿಲು ತೆರೆಯುವುದಿಲ್ಲ. ಕನ್ನಡಾಭಿಮಾನ ಎಷ್ಟಿದ್ದರೂ ಲಾಗಿನ್ ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರಗಳಲ್ಲಿರಲಿ ಎಂಬುದು ನನ್ನ ಸಲಹೆ.

ಪಾಸ್‌ವರ್ಡ್ ಬದಲಿಸುವುದು

ಯಾವ ಖಾತೆಯ ಪಾಸ್‌ವರ್ಡ್ ಬದಲಾಗಬೇಕೋ ಅದೇ ಖಾತೆಯಲ್ಲಿ, ಎಂದಿನಂತೆ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಿರಬೇಕು. ಸೆಟ್ಟಿಂಗ್ಸ್‌ನಲ್ಲಿ ಬಳಕೆದಾರರ ವಿಭಾಗಕ್ಕೆ ಹೋಗಿ ನಿಮ್ಮದೇ ಪಾಸ್‌ವರ್ಡಿನ ಮೇಲೆ ಒತ್ತಿದರೆ ಒಂದು ಕಿಟಕಿ ತೆರೆಯುತ್ತದೆ. ಅದರ ಮೊದಲ ಖಾನೆ ಈಗಿನ ಪಾಸ್‌ವರ್ಡನ್ನು ಕೇಳುತ್ತಿದ್ದರೆ ಮುಂದುವರಿಯಿರಿ. ಕೇಳದೆ ನೇರವಾಗಿ ಹೊಸದನ್ನೇ ಕೇಳುತ್ತಿದ್ದರೆ ಕಿಟಕಿ ಮುಚ್ಚಿ, ಟರ್ಮಿನಲ್‌ಗೆ ಬನ್ನಿ.

ಟರ್ಮಿನಲ್‌ನಲ್ಲಿ ಬಳಸಬೇಕಾದ ಆಜ್ಞೆಯನ್ನು ನೆನಪಿಡುವುದು ಸುಲಭ: ಇಂಗ್ಲಿಷಿನ ಪಾಸ್‌ವರ್ಡ್ ಎಂಬ ಪದದಿಂದ ಓ ಮತ್ತು ಆರ್ ಅಕ್ಷರಗಳನ್ನು ಬಿಟ್ಟು ಉಳಿದದ್ದನ್ನು ಟೈಪ್ ಮಾಡಿದರೆ ಆಯಿತು. ಅದರ ಹಿಂದೆ ಏನೂ ಇರಬಾರದು, ಮುಂದೆಯೂ ಏನೂ ಇರಬಾರದು. ಮೊದಲು ಈಗಿನ ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ಹೊಸದನ್ನು ಎರಡು ಸಲ ಕೇಳುತ್ತದೆ. ಪಾಸ್‌ವರ್ಡ್ ಬದಲಾಯಿತೆಂಬ ಸಂದೇಶ ಬರುವಷ್ಟರಲ್ಲಿ ದಾಖಲೆಯೂ ತಿದ್ದಿರುತ್ತದೆ, ಡಬ್ಬಿಯೂ ಹೊಸ ಬೀಗ ಪಡೆದಿರುತ್ತದೆ.

ಇಲ್ಲಿಯೇ ಒಂದು ಗುಂಡಿಯಿದೆ, ತಿಳಿದವರೇ ಹೆಚ್ಚಾಗಿ ಅದಕ್ಕೆ ಬೀಳುತ್ತಾರೆ. ಸಾಮಾನ್ಯ ಬಳಕೆದಾರರು ತೀರಾ ಚಿಕ್ಕದಾದ, ತೀರಾ ಸರಳವಾದ, ಅಥವಾ ಹಳೆಯದನ್ನೇ ಹೋಲುವ ಪಾಸ್‌ವರ್ಡ್ ಕೊಟ್ಟರೆ ಈ ಆಜ್ಞೆ ಅದನ್ನು ನಿರಾಕರಿಸುತ್ತದೆ. ಎರಡು ಮೂರು ಸಲ ಬೇಡವೆನಿಸಿಕೊಂಡ ಮೇಲೆ ಬೇಸತ್ತು, ಅಂತರಜಾಲದಲ್ಲಿ ಹುಡುಕಿದರೆ, ಆಜ್ಞೆಗೆ ಮೊದಲು ‘ಸುಡೊ’ ಸೇರಿಸಿ, ಆಜ್ಞೆಯ ನಂತರ ನಿಮ್ಮ ಬಳಕೆದಾರ ಹೆಸರನ್ನು ಹಾಕಿದರೆ ಯಾವ ಪಾಸ್‌ವರ್ಡ್ ಆದರೂ ನಡೆಯುತ್ತದೆ ಎಂಬ ಉತ್ತರ ಸಿಗುತ್ತದೆ. ಸಾಮಾನ್ಯ ಯಂತ್ರದ ಮಟ್ಟಿಗೆ ಆ ಉತ್ತರ ತಪ್ಪಲ್ಲ. ಸುಡೊ ಎಂದರೆ ಅಡ್ಮಿನ್ ಅಧಿಕಾರದಿಂದ ಮಾಡಿದ ಕೆಲಸ. ಅಡ್ಮಿನ್ ಯಾರ ಹಳೆಯ ಪಾಸ್‌ವರ್ಡನ್ನೂ ಹೇಳಬೇಕಾಗಿಲ್ಲ, ಹಾಗಾಗಿ ಯಂತ್ರವೂ ಕೇಳುವುದಿಲ್ಲ. ಸುಡೊ ತನಗಾಗಿ ಒಮ್ಮೆ ನಿಮ್ಮ ಪಾಸ್‌ವರ್ಡ್ ಕೇಳಬಹುದು, ಅದು ನಿಮಗೆ ಅಧಿಕಾರವಿದೆಯೇ ಎಂದು ತಿಳಿಯಲು ಮಾತ್ರ. ಅದು ಡಬ್ಬಿಯವರೆಗೆ ತಲುಪುವುದಿಲ್ಲ. ಎನ್‌ಕ್ರಿಪ್ಟ್ ಆದ ಹೋಮ್ ಫೋಲ್ಡರ್ ಇರುವಲ್ಲಿ ಸ್ವಂತ ಕೈಯಿಂದಲೇ ತನ್ನನ್ನು ಹೊರಗಿಟ್ಟು ಬಾಗಿಲು ಹಾಕಿಕೊಳ್ಳುವ ಕ್ರಮ ಇದು. ಯಂತ್ರ ನಿಮ್ಮ ಪಾಸ್‌ವರ್ಡನ್ನು ಸರಳವೆಂದು ತಳ್ಳಿದರೆ ಇನ್ನಷ್ಟು ಉದ್ದದ್ದನ್ನು ಯೋಚಿಸಿ. ಡಬ್ಬಿಯನ್ನು ಕಾಯುವುದೂ ಇದೇ ಪಾಸ್‌ವರ್ಡ್ ಆದ್ದರಿಂದ ಆ ಹಟ ನಿಮ್ಮ ಒಳ್ಳೆಯದಕ್ಕೇ ಇದೆ.

ಲಾಗ್ ಔಟ್ ಆಗುವ ಮೊದಲು

ಪಾಸ್‌ವರ್ಡ್ ಬದಲಿಸಿದ ಕೂಡಲೇ ಯಂತ್ರವನ್ನು ಆರಿಸಬೇಡಿ. ಡಬ್ಬಿಯ ಬೀಗ ಬದಲಾಗದೆ ಉಳಿದಿದ್ದರೂ ಆಗಲೇ ಮೌಂಟ್ ಆಗಿರುವ ಹೋಮ್ ಫೋಲ್ಡರ್ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ತೊಂದರೆ ಗೊತ್ತಾಗುವುದು ಮರುದಿನ ಬೆಳಿಗ್ಗೆ, ಹಳೆಯ ಪಾಸ್‌ವರ್ಡನ್ನು ಮರೆಯಲು ಶುರುಮಾಡಿದ ಮೇಲೆ.

ಕೆಲವರು ಇನ್ನೊಂದು ಪಠ್ಯ ಪರದೆಯಲ್ಲಿ ಹೊಸ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಿ, ಕಡತಗಳೆಲ್ಲ ಕಂಡವೆಂದು ನೆಮ್ಮದಿಯಾಗುತ್ತಾರೆ. ಈ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ. ಹೋಮ್ ಫೋಲ್ಡರ್ ಮೊದಲೇ ಮೌಂಟ್ ಆಗಿರುವುದರಿಂದ ಯಾವ ಪರದೆಯಿಂದ ನೋಡಿದರೂ ಅದು ಕಾಣಿಸಿಯೇ ಕಾಣಿಸುತ್ತದೆ. ನಿಜವಾದ ಪರೀಕ್ಷೆ ಮೊದಲು ಬಳಸಿದ ಅದೇ ಅನ್‌ರ್‍ಯಾಪ್ ಆಜ್ಞೆ. ಅದನ್ನು ಮತ್ತೆ ನಡೆಸಿ, ಈ ಸಲ ಹೊಸ ಪಾಸ್‌ವರ್ಡ್ ಕೊಡಿ. ಕಾಗದದಲ್ಲಿ ಬರೆದಿಟ್ಟ 32 ಅಕ್ಷರಗಳೇ ಮತ್ತೆ ಕಾಣಿಸಿದರೆ ಡಬ್ಬಿಯ ಬೀಗ ಬದಲಾಗಿದೆ ಎಂದು ಖಚಿತ. ಮೌಂಟ್ ಪಾಸ್‌ಫ್ರೇಸ್ ಬದಲಾಗಿಲ್ಲವಲ್ಲ ಎಂದು ಗಾಬರಿಯಾಗಬೇಕಾಗಿಲ್ಲ. ಬದಲಾಗಬೇಕಾದ್ದು ಅದರ ಹೊದಿಕೆ ಮಾತ್ರ. ಅಕ್ಷರಗಳ ಬದಲು ದೋಷದ ಸಂದೇಶ ಬಂದರೆ, ಲಾಗಿನ್ ಆಗಿರುವಂತೆಯೇ ಮುಂದಿನ ಭಾಗದಲ್ಲಿ ಹೇಳಿದ ರೀರ್‍ಯಾಪ್ ಆಜ್ಞೆಯಿಂದ ಸರಿಪಡಿಸಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಟರ್ಮಿನಲ್ ಕಿಟಕಿಯನ್ನು ಮುಚ್ಚಲು ಮರೆಯಬೇಡಿ, ಆ ಸರಣಿ ಪರದೆಯ ಮೇಲೆ ಹಾಗೆಯೇ ಇರುತ್ತದೆ.

ಆಗಲೇ ಬಾಗಿಲು ಮುಚ್ಚಿಹೋಗಿದ್ದರೆ

ಅವಸರದಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೊರಡಬೇಡಿ. ಖಾಲಿಯಾಗಿ ಕಾಣುವ ಹೋಮ್ ಫೋಲ್ಡರಿನಲ್ಲಿ ಏನನ್ನೂ ಅಳಿಸಬೇಡಿ. ಎನ್‌ಕ್ರಿಪ್ಟ್ ಆದ ಕಡತಗಳು ನಾವು ಮೊದಲು ನೋಡಿದ ಆ ಅಡಗಿದ ಫೋಲ್ಡರಿನೊಳಗೆ, ಓದಲಾಗದ ಉದ್ದುದ್ದ ಹೆಸರುಗಳಲ್ಲಿ, ಭದ್ರವಾಗಿ ಕುಳಿತಿರುತ್ತವೆ.

ಹಳೆಯ ಪಾಸ್‌ವರ್ಡ್ ನೆನಪಿದ್ದರೆ ಅತಿ ಸರಳವಾದ ಉಪಾಯ, ಬಂದ ದಾರಿಯಲ್ಲೇ ಹಿಂದಿರುಗುವುದು. ಪಠ್ಯ ಪರದೆಗೆ ಹೋಗಿ ಹೊಸ ಪಾಸ್‌ವರ್ಡ್‌ನಿಂದ ಲಾಗಿನ್ ಆಗಿ, ಯಾವ ಸುಡೊ ಬೇಡವೆಂದು ಮೇಲೆ ಹೇಳಿದೆನೋ ಅದನ್ನೇ ಈಗ ಬಳಸಿ, ಪಾಸ್‌ವರ್ಡನ್ನು ಹಳೆಯದಕ್ಕೇ ಮರಳಿಸಿ. ಆಗ ಬಾಗಿಲೂ ಡಬ್ಬಿಯೂ ಮತ್ತೆ ಒಂದೇ ಪಾಸ್‌ವರ್ಡಿಗೆ ತೆರೆಯುತ್ತವೆ. ಹೊರಬಂದು ಹಳೆಯ ಪಾಸ್‌ವರ್ಡ್‌ನಿಂದ ಲಾಗಿನ್ ಆಗಿ, ಎಲ್ಲವೂ ಕಾಣಿಸಿದ ಮೇಲೆ, ಬೇಕಾದರೆ ಸರಿಯಾದ ಕ್ರಮದಲ್ಲಿ ಹೊಸದಕ್ಕೆ ಬದಲಿಸಿಕೊಳ್ಳಿ. ಅಧ್ಯಾಪಕರ ಲ್ಯಾಪ್‌ಟಾಪಿನಲ್ಲಿ ನಾನು ಮಾಡಿದ್ದು ಇದನ್ನೇ.

ಇದಕ್ಕೆ ಪರ್ಯಾಯವಾಗಿ ಡಬ್ಬಿಯ ಬೀಗವನ್ನೇ ಹೊಸ ಪಾಸ್‌ವರ್ಡಿಗೆ ಹೊಂದಿಸಬಹುದು. ಹೋಮ್ ಫೋಲ್ಡರಿನೊಳಗಿನ ಚುಕ್ಕೆ-ಇಕ್ರಿಪ್ಟ್‌ಎಫ್‌ಎಸ್ ಎಂಬ ಕೊಂಡಿಯ ಮೂಲಕ ಆ ಫೋಲ್ಡರಿಗೆ ಹೋಗಿ, ಮೊದಲು ರ್‍ಯಾಪ್ಡ್-ಪಾಸ್‌ಫ್ರೇಸ್ ಕಡತದ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಮಾಡಿಟ್ಟುಕೊಳ್ಳಿ. ನಂತರ ‘ಇಕ್ರಿಪ್ಟ್‌ಎಫ್‌ಎಸ್-ರೀರ್‍ಯಾಪ್-ಪಾಸ್‌ಫ್ರೇಸ್’ ಆಜ್ಞೆಯನ್ನು, ಅದರ ನಂತರ ಆ ಕಡತದ ಹೆಸರು ಕೊಟ್ಟು, ಸುಡೊ ಇಲ್ಲದೆ ನಡೆಸಿ. ಹಳೆಯ ಪಾಸ್‌ವರ್ಡನ್ನೂ ಹೊಸದನ್ನೂ ಕೇಳಿ ಕೆಲಸ ಮುಗಿಸುತ್ತದೆ. ಆಮೇಲೆ ‘ಇಕ್ರಿಪ್ಟ್‌ಎಫ್‌ಎಸ್-ಮೌಂಟ್-ಪ್ರೈವೇಟ್’ ಎಂಬ ಆಜ್ಞೆ ಕೊಟ್ಟರೆ ಹೋಮ್ ಫೋಲ್ಡರ್ ತೆರೆಯುತ್ತದೆ. ಆದರೂ ಪಟ್ಟಿ ತೆಗೆದು ನೋಡಿದರೆ ಹಳೆಯ ಎರಡು ಹೆಸರುಗಳೇ ಕಾಣಿಸಬಹುದು, ಏಕೆಂದರೆ ನೀವಿನ್ನೂ ಮೌಂಟ್ ಆಗುವುದಕ್ಕೆ ಮೊದಲಿನ ಫೋಲ್ಡರಿನಲ್ಲೇ ನಿಂತಿರುತ್ತೀರಿ. ಸಿ, ಡಿ ಎಂಬ ಎರಡಕ್ಷರದ ಆಜ್ಞೆ ಕೊಟ್ಟು ಹೋಮ್ ಫೋಲ್ಡರಿಗೆ ಮತ್ತೊಮ್ಮೆ ಬಂದು ನೋಡಿದರೆ ಎಲ್ಲವೂ ಇರುತ್ತದೆ.

ಹಳೆಯ ಪಾಸ್‌ವರ್ಡ್ ಮರೆತಿದ್ದು, ಕಾಗದದಲ್ಲಿ ಬರೆದ 32 ಅಕ್ಷರಗಳು ಕೈಯಲ್ಲಿದ್ದರೆ ಚಿಂತೆಯಿಲ್ಲ. ‘ಇಕ್ರಿಪ್ಟ್‌ಎಫ್‌ಎಸ್-ರ್‍ಯಾಪ್-ಪಾಸ್‌ಫ್ರೇಸ್’ ಎಂಬ ಆಜ್ಞೆಗೆ ಅದೇ ಕಡತದ ಹೆಸರು ಕೊಟ್ಟರೆ, ಮೊದಲು ಆ ಸರಣಿಯನ್ನು, ಆಮೇಲೆ ಈಗಿನ ಲಾಗಿನ್ ಪಾಸ್‌ವರ್ಡನ್ನು ಕೇಳಿ, ಹೊಸ ಡಬ್ಬಿಯನ್ನೇ ಮಾಡಿಕೊಡುತ್ತದೆ. ಹಳೆಯ ಡಬ್ಬಿಯ ನಕಲನ್ನು ಇಲ್ಲಿಯೂ ಮೊದಲೇ ತೆಗೆದಿಡಬೇಕು. ಸರಣಿಯಲ್ಲಿ ಒಂದಕ್ಷರ ತಪ್ಪಿದರೂ ಈ ಆಜ್ಞೆ ದೂರುವುದಿಲ್ಲ, ತಪ್ಪು ಕೈಯನ್ನೇ ಮರ್ಯಾದೆಯಿಂದ ಡಬ್ಬಿಯೊಳಗಿಟ್ಟುಬಿಡುತ್ತದೆ.

ಯಂತ್ರವೇ ಏಳದಿದ್ದರೆ, ಅಥವಾ ಹಳೆಯ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದ್ದರೆ, ಉಬುಂಟುವನ್ನು ಪೆನ್‌ಡ್ರೈವ್‌ನಿಂದ ನಡೆಸಿ, ‘ಇಕ್ರಿಪ್ಟ್‌ಎಫ್‌ಎಸ್-ಯುಟಿಲ್ಸ್’ ಪ್ಯಾಕೇಜನ್ನು ಹಾಕಿಕೊಂಡು, ಆ ಡಿಸ್ಕನ್ನು ಫೈಲ್ ಮ್ಯಾನೇಜರಿನಲ್ಲಿ ತೆರೆದು, ‘ಇಕ್ರಿಪ್ಟ್‌ಎಫ್‌ಎಸ್-ರಿಕವರ್-ಪ್ರೈವೇಟ್’ ಆಜ್ಞೆಯನ್ನು ಸುಡೊ ಸಹಿತ ಕೊಡಬೇಕು. ಅದು ಎನ್‌ಕ್ರಿಪ್ಟ್ ಆದ ಫೋಲ್ಡರುಗಳನ್ನು ತಾನೇ ಹುಡುಕಿ, ಲಾಗಿನ್ ಪಾಸ್‌ವರ್ಡ್ ಗೊತ್ತಿದೆಯೇ ಎಂದು ಕೇಳುತ್ತದೆ. ಇಲ್ಲವೆಂದರೆ 32 ಅಕ್ಷರಗಳನ್ನು ಕೇಳುತ್ತದೆ. ಕಡತಗಳು ಓದಲು ಮಾತ್ರ ಸಿಗುವಂತೆ ತೆರೆದುಕೊಳ್ಳುತ್ತವೆ; ನಕಲು ಮಾಡಿಕೊಳ್ಳಲು ಅಷ್ಟು ಸಾಕು.

ಹಳೆಯ ಪಾಸ್‌ವರ್ಡೂ ಇಲ್ಲ, ಕಾಗದವೂ ಇಲ್ಲ, ಬ್ಯಾಕಪ್ಪೂ ಇಲ್ಲವೆಂದರೆ ತೆರೆಯುವ ದಾರಿ ಇಲ್ಲ. ಹಣ ಕೊಟ್ಟರೆ ತೆರೆದುಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಆದರೆ ಡಿಸ್ಕನ್ನು ಅಳಿಸಲೂ ಬೇಡಿ, ತೆಗೆದು ಪಕ್ಕಕ್ಕಿಡಿ. ಮರೆತ ಪಾಸ್‌ವರ್ಡ್ ಆರು ತಿಂಗಳ ಮೇಲೆ ಬಸ್ಸಿನಲ್ಲಿ ಕೂತಾಗ ನೆನಪಾದ ಪ್ರಸಂಗಗಳನ್ನು ನಾನು ಕೇಳಿದ್ದೇನೆ.

ರೀಸೆಟ್ ಆದ ಯಂತ್ರದಲ್ಲಿ ಇನ್ನೊಂದು ಕಿರಿಕಿರಿ ಉಳಿದಿರಬಹುದು. ವೈ-ಫೈ, ಬ್ರೌಸರ್ ಮೊದಲಾದವುಗಳ ಪಾಸ್‌ವರ್ಡುಗಳನ್ನು ಕಾಪಾಡುವ ಗ್ನೋಮ್ ಕೀರಿಂಗ್ ಕೂಡ ಲಾಗಿನ್ ಪಾಸ್‌ವರ್ಡಿನಿಂದಲೇ ಮುಚ್ಚಿರುತ್ತದೆ. ಅದು ಪದೇಪದೇ ತೆರೆಯಲು ಕೇಳುತ್ತಿದ್ದರೆ ಹಳೆಯ ಪಾಸ್‌ವರ್ಡ್ ಕೊಟ್ಟು ತೆರೆದು, ‘ಪಾಸ್‌ವರ್ಡ್ಸ್ ಅಂಡ್ ಕೀಸ್’ ಎಂಬ ಅಪ್ಲಿಕೇಷನ್‌ನಲ್ಲಿ ಲಾಗಿನ್ ಕೀರಿಂಗ್‌ನ ಪಾಸ್‌ವರ್ಡನ್ನು ಹೊಸದಕ್ಕೆ ಹೊಂದಿಸಿರಿ.

ಪಾಸ್‌ವರ್ಡ್ ಬೇರೆಯವರಿಗೆ ತಿಳಿದುಹೋಗಿದ್ದರೆ

ಪಾಸ್‌ವರ್ಡನ್ನು ಯಾರೋ ನೋಡಿಬಿಟ್ಟರೆಂಬ ಕಾರಣಕ್ಕೆ ಬದಲಿಸುತ್ತಿದ್ದರೆ ಒಂದು ಮಿತಿಯನ್ನು ಅರಿತಿರಬೇಕು. ನೀವು ಬದಲಿಸುವುದು ಡಬ್ಬಿಯ ಬೀಗವನ್ನು, ಕಡತಗಳ ಬೀಗವನ್ನಲ್ಲ. ಆ ವ್ಯಕ್ತಿ ಹಳೆಯ ಡಬ್ಬಿಯ ನಕಲನ್ನೂ ಡಿಸ್ಕಿನ ನಕಲನ್ನೂ ಮೊದಲೇ ತೆಗೆದುಕೊಂಡಿದ್ದರೆ, ಹಳೆಯ ಪಾಸ್‌ವರ್ಡ್ ಆ ನಕಲುಗಳಿಗೆ ಇನ್ನೂ ಒಗ್ಗುತ್ತದೆ. ಅಂಥ ಅನುಮಾನ ಬಲವಾಗಿದ್ದರೆ ಕಡತಗಳನ್ನು ಹೊರಗೆ ನಕಲು ಮಾಡಿ, ಹೊಸ ಪಾಸ್‌ಫ್ರೇಸ್ ಹುಟ್ಟುವಂತೆ ಹೊಸ ಖಾತೆ ಮಾಡಿ ಅಲ್ಲಿಗೆ ತರುವುದೊಂದೇ ಪರಿಹಾರ. ನೀವೇ ಮಾಡಿಟ್ಟ ಹಳೆಯ ಡಬ್ಬಿಯ ನಕಲನ್ನೂ ಕೆಲಸ ಸರಿಯಾದ ಮೇಲೆ ಅಳಿಸಿಬಿಡಿ.

ಬೇರೆ ವ್ಯವಸ್ಥೆಗಳಲ್ಲಿ

ಲಿನಕ್ಸ್‌ನಲ್ಲಿಯೇ ಇಕ್ರಿಪ್ಟ್‌ಎಫ್‌ಎಸ್‌ನ ನಂತರ ಬಂದ ಎಫ್‌ಎಸ್‌ಕ್ರಿಪ್ಟ್ ಕೂಡ ಲಾಗಿನ್ ಪಾಸ್‌ವರ್ಡಿಗೆ ಜೋಡಿಸಿದಾಗ ಇದೇ ಸ್ವಭಾವ ತೋರಿಸುತ್ತದೆ. ಅಡ್ಮಿನ್ ಬದಲಿಸಿದ ಪಾಸ್‌ವರ್ಡ್ ಅದರ ಡಬ್ಬಿಗೆ ತಿಳಿಯುವುದಿಲ್ಲ. 2020ರಲ್ಲಿ, ಲಿನಕ್ಸ್ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ತಂತ್ರಾಂಶದ 245ನೆಯ ಆವೃತ್ತಿಯೊಂದಿಗೆ ಬಂದ ಹೋಮ್‌ಡಿ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಬದಲಾವಣೆಯನ್ನು ಅದರದೇ ‘ಹೋಮ್‌ಸಿಟಿಎಲ್’ ಮೂಲಕ ಮಾಡುವುದು ಕ್ರಮ. ಲಕ್ಸ್ ಇರುವ ಡಿಸ್ಕಿನಲ್ಲಿ ಒಂದಕ್ಕಿಂತ ಹೆಚ್ಚು ಪಾಸ್‌ವರ್ಡುಗಳಿಗೆ ಜಾಗವಿದೆ, ಹಳೆಯ ಲಕ್ಸ್1ರಲ್ಲಿ 8, ಲಕ್ಸ್2ರಲ್ಲಿ 32. ಅಲ್ಲಿ ಹೊಸದನ್ನು ಸೇರಿಸಿ, ಯಂತ್ರ ಅದರಿಂದ ಏಳುತ್ತದೆಯೆಂದು ನೋಡಿ, ಆಮೇಲಷ್ಟೇ ಹಳೆಯದನ್ನು ತೆಗೆಯುವುದು ಜಾಣತನ.

ವಿಂಡೋಸ್‌ನ ಇಎಫ್‌ಎಸ್ ಸೌಲಭ್ಯದಿಂದ ಕಡತಗಳನ್ನು ಎನ್‌ಕ್ರಿಪ್ಟ್ ಮಾಡಿರುವವರು, ತಮ್ಮ ಲೋಕಲ್ ಖಾತೆಯ ಪಾಸ್‌ವರ್ಡನ್ನು ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಬರುವ ಪರದೆಯಂಥ, ಹಳೆಯ ಪಾಸ್‌ವರ್ಡ್ ಕೇಳುವ ದಾರಿಯಿಂದಲೇ ಬದಲಿಸಬೇಕು. ಅಡ್ಮಿನಿಸ್ಟ್ರೇಟರ್ ರೀಸೆಟ್ ಮಾಡಲು ಹೊರಟರೆ ಎನ್‌ಕ್ರಿಪ್ಟ್ ಆದ ಕಡತಗಳು ಕೈತಪ್ಪಬಹುದೆಂಬ ಎಚ್ಚರಿಕೆ ಕಾಣಿಸುತ್ತದೆ. ಅದು ಬರಿಯ ಶಿಷ್ಟಾಚಾರದ ಎಚ್ಚರಿಕೆಯಲ್ಲ. ಅಲ್ಲಿ ಕಾಗದದ ಬದಲು, ಸರ್ಟಿಫಿಕೇಟನ್ನು ಅದರ ಖಾಸಗಿ ಕೀಲಿಯ ಸಮೇತ ಎಕ್ಸ್‌ಪೋರ್ಟ್ ಮಾಡಿ ಹೊರಗಿನ ಡಿಸ್ಕಿನಲ್ಲಿಡಬೇಕು. ಮ್ಯಾಕ್‌ನಲ್ಲಿ 2003ರ ಮೊದಲ ಫೈಲ್‌ವಾಲ್ಟ್ ಹೋಮ್ ಫೋಲ್ಡರನ್ನಷ್ಟೇ ಎನ್‌ಕ್ರಿಪ್ಟ್ ಮಾಡುತ್ತಿತ್ತು. 2011ರ ಲಯನ್ ಆವೃತ್ತಿಯಿಂದ ಅದು ಇಡೀ ಡಿಸ್ಕಿನದಾಯಿತು. ಇಂದಿನ ಮ್ಯಾಕ್‌ನಲ್ಲಿ ಬೇರೆಯವರು ಪಾಸ್‌ವರ್ಡ್ ರೀಸೆಟ್ ಮಾಡಿದರೆ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಹಳೆಯ ಕೀಚೈನ್, ಅಂದರೆ ಪಾಸ್‌ವರ್ಡುಗಳನ್ನು ಕಾಪಾಡುವ ಅಲ್ಲಿನ ಭಂಡಾರ.

ರಿಪೇರಿಗೆ ಕೊಡುವಾಗ

ಅಂಗಡಿಯವರಿಗೆ ಯಂತ್ರ ಪರೀಕ್ಷಿಸಲು ಒಂದು ಲಾಗಿನ್ ಬೇಕೇ ಬೇಕು, ಅವರ ತಪ್ಪಲ್ಲ. ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಆಗದ, ಅಡ್ಮಿನ್ ಅಧಿಕಾರವಿಲ್ಲದ ಒಂದು ಬೇರೆ ಖಾತೆಯನ್ನು ಮಾಡಿ, ಅದರ ಪಾಸ್‌ವರ್ಡನ್ನು ಮಾತ್ರ ಅವರಿಗೆ ಕೊಡಿ. ಯಂತ್ರದ ಮೇಲೊಂದು ಚೀಟಿ ಅಂಟಿಸಿ: ‘ಪಾಸ್‌ವರ್ಡ್ ರೀಸೆಟ್ ಮಾಡಬೇಡಿ, ಹೋಮ್ ಎನ್‌ಕ್ರಿಪ್ಟ್ ಆಗಿದೆ, ಪರೀಕ್ಷೆಗೆ ಈ ಖಾತೆ ಬಳಸಿ.’ ನಮ್ಮ ಅಧ್ಯಾಪಕರ ಲ್ಯಾಪ್‌ಟಾಪಿನ ಮುಚ್ಚಳದ ಒಳಭಾಗದಲ್ಲಿ ಆ ಹುಡುಗನ ಚೀಟಿಯನ್ನು ಕಿತ್ತ ಜಾಗದಲ್ಲಿ ಈಗ ಈ ಚೀಟಿ ಇದೆ, ಅವರದೇ ಕೈಬರಹದಲ್ಲಿ, ‘ಬೇಡಿ’ ಎಂಬುದಕ್ಕೆ ಕೆಂಪು ಮಸಿಯ ಎರಡು ಅಡಿಗೆರೆಗಳೊಂದಿಗೆ.